ಕೀಬೋರ್ಡಿಗೆ ಬಿಟ್ಟ ಜಾಗ

ಕೊಟ್ಟಿಗೆಹಾರದ ಹತ್ತಿರದ ನಮ್ಮ ಸಣ್ಣ ಚರ್ಚಿನಲ್ಲಿ ಹಾಡು ಹೇಳಿಕೊಡುವ ಕೆಲಸ ನನಗೆ ಅಂಟಿಕೊಂಡು ಎಷ್ಟು ಕಾಲವಾಯಿತೋ. ಹಗಲೆಲ್ಲ ಎಸ್ಟೇಟಿನಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರ್ ಕೆಲಸ, ಸಂಜೆ ಈ ಗಂಟಲು ಹರಿದುಕೊಳ್ಳುವ ಕೆಲಸ. ಹೋದ ಮಳೆಗಾಲದಿಂದ ನನಗೆ ಉಸಿರು ಸಾಲುತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮರುದಿನವೇ 'ನೀವು ಕೂತ್ಕಳಿ' ಅನ್ನುತ್ತಾರೆ, ಆಮೇಲೆ ನಾನು ಆ ಚರ್ಚಿನಲ್ಲಿ ಯಾರು?

ಪವಿತ್ರ ಗುರುವಾರ ರಾತ್ರಿಯಿಂದ ಈಸ್ಟರ್ ಹಿಂದಿನ ರಾತ್ರಿಯ ಪಾಸ್ಕ ಜಾಗರಣೆಯವರೆಗೆ ನಮ್ಮಲ್ಲಿ ಗಂಟೆ ಬಾರಿಸುವುದಿಲ್ಲ, ವಾದ್ಯ ಮುಟ್ಟುವುದಿಲ್ಲ. ಶುಭ ಶುಕ್ರವಾರದ ಕೀರ್ತನೆಯನ್ನು ಬರೀ ಬಾಯಲ್ಲಿ ಹೇಳಬೇಕು. ಅದಕ್ಕೆ ತಾಳವಿಲ್ಲ. ಸಾಲು ಎಷ್ಟೇ ಉದ್ದವಿರಲಿ, ಒಂದೇ ಸ್ವರದ ಮೇಲೆ ಮಾತಾಡಿದ ಹಾಗೆ ನಡೆದುಕೊಂಡು ಹೋಗಿ, ಕೊನೆಯ ಒಂದೆರಡು ಅಕ್ಷರಗಳಲ್ಲಿ ಮೆಲ್ಲಗೆ ಇಳಿಯಬೇಕು. ಕೇಳಲು ಸುಲಭ. ಆದರೆ ವರ್ಷವಿಡೀ ಕೀಬೋರ್ಡಿನ ಟಕಟಕಕ್ಕೆ ಹಾಡಿದವರಿಗೆ ಇದನ್ನು ಕಲಿಸುವುದೆಂದರೆ ನನ್ನ ಪ್ರಾಣ ಹೋಗುತ್ತಿತ್ತು.

ಅಭ್ಯಾಸದಲ್ಲಿ ಅವರ ತಪ್ಪು ಒಂದೇ. ಪ್ರತಿ ಸಾಲು ಮುಗಿದ ಮೇಲೆ ಎಲ್ಲರೂ ಗಪ್ಪಾಗುತ್ತಿದ್ದರು. ಉಳಿದ ಭಾನುವಾರಗಳಲ್ಲಿ ಆ ಜಾಗದಲ್ಲಿ ಕೀಬೋರ್ಡ್ ಒಂದು ತುಣುಕು ನುಡಿಸುತ್ತದೆ. ಈ ಅಭ್ಯಾಸಕ್ಕೆಂದು ನಾನು ಅದಕ್ಕೆ ಬಟ್ಟೆ ಹೊದಿಸಿ ಮೂಲೆಗಿಟ್ಟಿದ್ದರೂ ಇವರು ಅದಕ್ಕೆ ಜಾಗ ಬಿಟ್ಟು ಕಾಯುತ್ತಿದ್ದರು.

"ಯಾರಿಗೆ ಕಾಯ್ತಿದೀರಿ? ಭೂತ ಬಂದು ನುಡ್ಸುತ್ತಾ?" ಎಂದು ರೇಗಿದೆ.

ನಕ್ಕರು, ಮತ್ತೆ ಅದನ್ನೇ ಮಾಡಿದರು. ತೋಟದಲ್ಲಿ ದುಡಿದು ಬಂದವರು, ನಿಂತಲ್ಲೇ ತೂಕಡಿಸುವವರು. ಬಯ್ಯಲೂ ನನಗೆ ಶಕ್ತಿ ಉಳಿದಿರಲಿಲ್ಲ. ಅಂತೂ ಬುಧವಾರ ಸಂಜೆ ಎಲ್ಲೂ ನಿಲ್ಲದೆ ಕೀರ್ತನೆಯನ್ನು ಮುಗಿಸಿದರು. ಮುಗಿಯುವಷ್ಟರಲ್ಲಿ ನಾನು ಕಂಬ ಹಿಡಿದುಕೊಂಡು ನಿಂತಿದ್ದೆ. ಸೊಂಟ ಹಿಡಿದಿದೆ ಎಂದೆ.

ಶುಕ್ರವಾರ ಮಧ್ಯಾಹ್ನ ಚರ್ಚು ತುಂಬಿತ್ತು, ಬಿಸಿಲಿಗೆ ಚಾವಣಿಯ ಶೀಟು ಕಾದಿತ್ತು. ಎಲ್ಲರಿಗೂ ದಾರಿ ತೋರಿಸಬೇಕಾದ್ದರಿಂದ ಪ್ರತಿ ಸಾಲನ್ನೂ ನಾನು ಹಾಡಲೇಬೇಕು. ಮೊದಲ ಸಾಲು ಮುಗಿಯಿತು. ಎಲ್ಲರೂ ಗಪ್ಪಾದರು. ಮತ್ತೆ ಅದೇ ಹಳೇ ರೋಗ! ಮೈಯೆಲ್ಲ ಉರಿಯಿತು. ಎರಡನೇ ಸಾಲಿನ ನಂತರವೂ ಹಾಗೇ. ಮೂರನೆಯದರ ಅರ್ಧದಲ್ಲೇ ನನ್ನ ದನಿ ಸೋತಿತು. ಅವರು ಸಾಲನ್ನು ಇಳಿಸಿ ಮುಗಿಸಿದರು, ನಿಂತರು. ನಾನು ಬಾಯಿ ತೆರೆದು ಗಾಳಿ ಎಳೆದುಕೊಂಡೆ. ಆಮೇಲೆಯೇ ಮುಂದಿನ ಸಾಲು ಹಿಡಿದರು. ಹೀಗೆಯೇ ಕೊನೆಯವರೆಗೆ ಹೋಯಿತು. ಆ ತಪ್ಪು ಇಲ್ಲದಿದ್ದರೆ ನಾನು ಅಲ್ಲೇ ಕುಸಿಯುತ್ತಿದ್ದೆ. ಆದರೂ ಸಿಟ್ಟು ಇಳಿದಿರಲಿಲ್ಲ.

ಹಾಡುವವರಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುವ ಹೆಂಗಸು ಹೊರಗೆ ಚಪ್ಪಲಿ ಹುಡುಕುತ್ತಿದ್ದಳು, ಅವಳನ್ನು ತಡೆದೆ. ಎಸ್ಟೇಟಿನಲ್ಲಿ ಕೆಲಸದವರ ಮಕ್ಕಳನ್ನು ನೋಡಿಕೊಳ್ಳುವವಳು ಆಕೆ.

"ಬುಧವಾರ ಅಷ್ಟು ಚೆನ್ನಾಗಿ ಹೇಳಿದ್ರಲ್ಲ. ಇವತ್ತು ಮತ್ತೆ ಯಾಕೆ ಜಾಗ ಬಿಟ್ರಿ?"

"ಬುಧವಾರ ನಿಮ್ಮನ್ನ ನೋಡಿದ್ವಲ್ಲ ರೈಟ್ರೇ," ಎಂದಳು ಚಪ್ಪಲಿಗೆ ಕಾಲು ತೂರಿಸುತ್ತ. "ಕೀಬೋರ್ಡಿಗೆ ಬಿಡೋ ಜಾಗಾನ ನಿಮ್ ಉಸಿರಿಗೆ ಬಿಡಣ ಅಂತ ಎಲ್ರೂ ಮಾತಾಡ್ಕಂಡ್ವಿ. ಮಳೆಗಾಲದಿಂದ್ಲೂ ನೋಡ್ತಿದೀವಿ, ನೀವು ಹೇಳ್ತೀರ ಅಂತ ಕಾಯ್ತಿದ್ವಿ."

ಎಸ್ಟೇಟಿಗೆ ಹೊರಟಿದ್ದ ಜೀಪು ಹಾರ್ನ್ ಹೊಡೆಯಿತು, ಆಕೆ ಓಡಿದಳು. ನನಗೆ ನಾಚಿಕೆಯಾಯಿತು, ಅದರ ಹಿಂದೆಯೇ ಅಳು ಬಂತು. ಇಷ್ಟು ತಿಂಗಳು ನಾನು ಅದನ್ನು ಅವರಿಂದ ಮುಚ್ಚಿಟ್ಟಿದ್ದೆ, ಅದು ತಮಗೆ ಗೊತ್ತಿರುವುದನ್ನು ಅವರು ನನ್ನಿಂದ ಮುಚ್ಚಿಟ್ಟಿದ್ದರು. ಮೆಟ್ಟಿಲ ಮೇಲೆ ಕುಳಿತೆ. ಉಸಿರು ತಿರುಗುವವರೆಗೂ ಯಾರೂ ನನ್ನನ್ನು ಏಳಿ ಎನ್ನಲಿಲ್ಲ.