ವರದರಾಜರ ಹೊಟ್ಟೆ

ಚಾಮರಾಜಪೇಟೆಯ ಹೈಸ್ಕೂಲಿನಲ್ಲಿ ಗಣಿತ ಹೇಳುವ ವರದರಾಜರಿಗೆ ಊರಿನ ದಾರಿಗಳೆಲ್ಲ ಶೌಚಾಲಯಗಳ ಗುರುತಿನಿಂದಲೇ ಗೊತ್ತು. ಲೆಕ್ಕವನ್ನು ಅರ್ಧಕ್ಕೇ ಬಿಟ್ಟು ಓಡುವ ಮೇಷ್ಟ್ರನ್ನು ಕಂಡು ಮಕ್ಕಳು ಮುಸಿಮುಸಿ ನಗುತ್ತಿದ್ದರು. ನಗಲಿ ಬಿಡಿ, ಮಕ್ಕಳು. ದೊಡ್ಡವರ ಕಾಟ ಅದಕ್ಕಿಂತ ಹೆಚ್ಚು. ಮನೆಗೆ ಬಂದವರೆಲ್ಲ ವೈದ್ಯರೇ! ಒಬ್ಬರು ಮಜ್ಜಿಗೆ ಕುಡಿಸಿದರೆ ಇನ್ನೊಬ್ಬರು ಓಮದ ಕಷಾಯ ಕುಡಿಸುತ್ತಿದ್ದರು. ಅಣ್ಣ ಶೀನಣ್ಣನದು ಮಾತ್ರ ಒಂದೇ ಪಲ್ಲವಿ: "ಎಲ್ಲಾ ನಿನ್ನ ಭ್ರಮೆ ಕಣೋ."

ರಕ್ತ ಪರೀಕ್ಷೆ, ಮಲ ಪರೀಕ್ಷೆ, ಕರುಳಿನೊಳಗೆ ನಳಿಗೆ ಇಳಿಸಿ ನೋಡುವ ಸ್ಕೋಪು ಎಲ್ಲ ಆದ ಮೇಲೆ ಡಾಕ್ಟರಮ್ಮ ಹೇಳಿದರು: "ರಿಪೋರ್ಟ್ ಎಲ್ಲಾ ನಾರ್ಮಲ್ ಸಾರ್. ಕ್ಯಾನ್ಸರ್ ಅಲ್ಲ, ಹುಣ್ಣೂ ಇಲ್ಲ. ಆದ್ರೆ ನಿಮ್ಮ ನೋವು ಸುಳ್ಳಲ್ಲ. ಇದಕ್ಕೆ ಐಬಿಎಸ್ ಅಂತಾರೆ. ಕರುಳು ನೋಡೋಕೆ ಸರಿಯಾಗೇ ಇರುತ್ತೆ, ಕೆಲಸದಲ್ಲಿ ಹದ ತಪ್ಪಿರುತ್ತೆ. ಆತಂಕ ಆದ್ರೆ ಇನ್ನೂ ಜಾಸ್ತಿ."

ನೋವು ಸುಳ್ಳಲ್ಲ ಎಂದ ಆ ಒಂದು ಮಾತಿಗೇ ವರದರಾಜರ ಕಣ್ಣು ತುಂಬಿತು. ಕಾಫಿ ಕಡಿಮೆಯಾಯಿತು. ಮೊದಲು ಕೊಟ್ಟ ಔಷಧಿ ನಾಟದಿದ್ದಾಗ, ಮಲಗುವ ಮುಂಚೆ ನುಂಗಲು ಒಂದು ಸಣ್ಣ ಮಾತ್ರೆ ಬಂತು. "ನಿಧಾನಕ್ಕೆ ಹಿಡಿಯುತ್ತೆ. ಮಧ್ಯದಲ್ಲಿ ನೀವೇ ನಿಲ್ಲಿಸ್ಬೇಡಿ" ಎಂದಿದ್ದರು ಡಾಕ್ಟರಮ್ಮ.

ಮಾತ್ರೆ ಹಿಡಿಯಿತು. ಮಲ್ಲೇಶ್ವರದ ಬೀಗರ ಮನೆಗೆ, ನಡುವೆ ಎಲ್ಲೂ ಇಳಿಯದೆ ಬಸ್ಸಿನಲ್ಲಿ ಹೋಗಿಬಂದರು. ಮಗಳು ತನ್ಮಯಿಯ ಮದುವೆ ಗೊತ್ತಾಗಿತ್ತು. ಈ ಅಯ್ಯಂಗಾರರ ಮನೆಯಲ್ಲಿ ಹುಡುಗಿ ತಂದೆಯ ತೊಡೆಯ ಮೇಲೆ ಕೂತೇ ತಾಳಿ ಕಟ್ಟಿಸಿಕೊಳ್ಳಬೇಕು. ಆ ಹೊತ್ತಿಗೊಂದು ಹೊಟ್ಟೆ ಕೈಕೊಡದಿದ್ದರೆ ಸಾಕು ಎಂದು ಅವರು ದೇವರಲ್ಲಿ ಬೇಡಿಕೊಂಡಿದ್ದರು.

ಅಷ್ಟರಲ್ಲಿ ಹೆಂಡತಿ ರಂಗನಾಯಕಿ ಮಾತ್ರೆಯ ಹೆಸರನ್ನು ಮೊಬೈಲಿನಲ್ಲಿ ಹುಡುಕಿದರು. "ಅಯ್ಯೋ, ಇದು ಡಿಪ್ರೆಶನ್ ಮಾತ್ರೆ ಕಣ್ರೀ! ಬೀಗರ ಕಿವಿಗೆ ಬಿದ್ರೆ ತನ್ಮಯಿ ಗತಿ ಏನು?"

"ಕಮ್ಮಿ ಡೋಸಲ್ಲಿ ಹೊಟ್ಟೆಗೂ ಕೊಡ್ತಾರಂತೆ ಕಣೇ."

"ಮದುವೆ ಮುಗೀಲಿ. ಆಮೇಲೆ ತಗೊಳ್ಳಿ."

ಮಗಳ ಹೆಸರೆತ್ತಿದ ಮೇಲೆ ವರದರಾಜರು ಒಪ್ಪಿಕೊಂಡರು. ಮಾತ್ರೆ ಬೀರು ಸೇರಿತು, ಹೊಟ್ಟೆನೋವು ಮನೆಗೆ ಮರಳಿತು.

ಬಸವನಗುಡಿಯ ಛತ್ರದಲ್ಲಿ, ಹಿಂದಿನ ದಿನದಿಂದ ಏನೂ ತಿನ್ನದೆ ಅವರು ಹಸೆಯ ಮೇಲೆ ಕೂತರು. ತನ್ಮಯಿ ತೊಡೆ ಏರಿದಳು. ಪುಟ್ಟ ಹುಡುಗಿಯಾಗಿದ್ದಾಗ ಕೂತದ್ದು ಬಿಟ್ಟರೆ ಈಗಲೇ. ತಾಳಿಯ ತಟ್ಟೆ ಎಲ್ಲರ ಕೈಯಿಂದ ಮುಟ್ಟಿಸಿಕೊಳ್ಳಲು ಸಭೆಗೆ ಹೋಯಿತು. ಅದು ಸಾಲುಸಾಲು ಸುತ್ತುತ್ತಿದ್ದಾಗಲೇ ಹೊಟ್ಟೆ ಹಿಂಡತೊಡಗಿತು. ಬೆವರು ಕಿತ್ತುಬಂತು. ತಟ್ಟೆಯನ್ನು ಕಣ್ಣಿಗೊತ್ತಿಕೊಳ್ಳುವವರ ಭಕ್ತಿಗೆ ಕೊನೆಯೇ ಇಲ್ಲ!

"ಏಳು ಪುಟ್ಟಿ," ಎಂದರು ಮೆಲ್ಲಗೆ. "ನನ್ ಕೈಲಿ ಆಗ್ತಿಲ್ಲ."

"ಇನ್ನೇನು ಬಂತು ಅಪ್ಪ, ಒಂದೇ ನಿಮಿಷ..." ಎಂದವಳು ಅವರ ಮುಖ ನೋಡಿ ಎದ್ದಳು.

ಛತ್ರದ ಹಿಂದಿನ ಶೌಚಾಲಯದಲ್ಲಿ ಕೂತಿದ್ದ ವರದರಾಜರಿಗೆ ಗಟ್ಟಿಮೇಳ ಕೇಳಿಸಿತು. ಮಗಳೀಗ, ತಮ್ಮ ಬದಲಿಗೆ ಹಸೆಯಲ್ಲಿ ಕೂತ ಶೀನಣ್ಣನ ತೊಡೆಯ ಮೇಲಿದ್ದಾಳೆ. ಅವರು ಶಲ್ಯವನ್ನು ಬಾಯಿಗೆ ಒತ್ತಿಕೊಂಡು ಅತ್ತರು.

ಹೊರಗೆ ಬಂದಾಗ ರಂಗನಾಯಕಿ ಬಾಗಿಲಲ್ಲೇ ನಿಂತಿದ್ದರು. ಕಣ್ಣು ಕೆಂಪಾಗಿತ್ತು. "ರೀ, ಆ ಮಾತ್ರೆ... ಇವತ್ತಿಂದಾನೇ ತಗೊಂಡ್ಬಿಡಿ."

ಇನ್ನು ಯಾರ ಮದುವೆಗೆ ಎಂದು ಕೇಳುವ ತ್ರಾಣವೂ ಅವರಲ್ಲಿ ಉಳಿದಿರಲಿಲ್ಲ.