ತಿಂಗಳಿಗೊಂದು ಅಂಗುಲ

ನನ್ನ ಕೈ ಬಹಳ ಚುರುಕು ಎಂದು ಜನ ಹೊಗಳುತ್ತಿದ್ದರು. ಆ ಹೊಗಳಿಕೆಯೇ ನನ್ನನ್ನು ಕೆಡಿಸಿತು ಎಂದುಬಿಟ್ಟರೆ ತಪ್ಪನ್ನು ಹೊಗಳಿದವರ ತಲೆಗೆ ಕಟ್ಟಿದಂತಾಗುತ್ತದೆ. ಹಾಗೆ ಹೇಳುವುದಿಲ್ಲ, ಕೆಟ್ಟವನು ನಾನೇ. ಮಳವಳ್ಳಿ ಕಡೆಯ ಒಂದು ಸಣ್ಣ ಧರ್ಮಾಸ್ಪತ್ರೆಯಲ್ಲಿ ನಾನು ಆಗ ಕಾಂಪೌಂಡರ್ ಆಗಿದ್ದೆ. ನಾಲೆಯ ನೀರು ಬಂದು ಗದ್ದೆಗಳೇನೋ ಹಸಿರಾಗಿದ್ದವು. ಆದರೆ ನೀರಿನ ಹಿಂದೆಯೇ ಸೊಳ್ಳೆ ಬಂತು, ಸೊಳ್ಳೆಯ ಹಿಂದೆ ಚಳಿಜ್ವರ ಬಂತು. ಮಳೆಗಾಲ ಮುಗಿಯುವ ಹೊತ್ತಿಗೆ ಆಸ್ಪತ್ರೆಯ ಜಗಲಿಯ ತುಂಬ ಕಂಬಳಿ ಹೊದ್ದ ಜನ ನಡುಗುತ್ತ ಕೂತಿರುತ್ತಿದ್ದರು. ಯುದ್ಧದ ದೆಸೆಯಿಂದ ಕ್ವಿನೈನು ಸಿಗುವುದೇ ಕಷ್ಟವಾಗಿತ್ತು. ಗುಳಿಗೆ ನುಂಗಿದ ತಕ್ಷಣ ವಾಂತಿ ಮಾಡಿಕೊಳ್ಳುವವರಿಗೆ ಮಾತ್ರ ಸೂಜಿ, ಅದೂ ಕುಂಡಿಗೆ. ಆ ಕೆಲಸವನ್ನು ಡಾಕ್ಟರು ನನಗೆ ಒಪ್ಪಿಸಿದ್ದರು.

ಒಪ್ಪಿಸುವ ಮೊದಲು ಪಾಠ ಮಾಡಿದ್ದರು. ಪಾಠ ನನ್ನ ಮೈಮೇಲೆಯೇ ನಡೆಯಿತು. ಬೆಂಚಿನ ಮೇಲೆ ಬೋರಲು ಮಲಗಿಸಿ, ಗಾಯಕ್ಕೆ ಹಚ್ಚುವ ನೇರಳೆ ಬಣ್ಣದ ಔಷಧಿಯಲ್ಲಿ ಕಡ್ಡಿ ಅದ್ದಿ, ನನ್ನ ಬಲಗಡೆಯ ಕುಂಡಿಯ ಮೇಲೆ ಉದ್ದಕ್ಕೊಂದು ಗೆರೆ, ಅಡ್ಡಕ್ಕೊಂದು ಗೆರೆ ಎಳೆದರು.

"ನಾಲ್ಕು ಕೋಣೆ ಆಯ್ತಲ್ಲಯ್ಯ? ಮೇಲುಗಡೆ, ಹೊರಮಗ್ಗುಲಿನ ಕೋಣೆ ಒಂದೇ ನಿನ್ನದು. ಮಿಕ್ಕ ಮೂರಕ್ಕೂ ನೀನು ಕಾಲಿಡಬೇಡ" ಎಂದರು.

ಮನುಷ್ಯ ಕೂತಾಗ ಮೈಭಾರ ಹೊರುವುದು ಕುಂಡಿಯ ಮಾಂಸವಲ್ಲ, ಅದರ ಕೆಳಗಿರುವ ಎರಡು ಮೂಳೆಯ ಗುಬುಟು ಎಂದು ಅವರು ಹೇಳಿದ್ದು ಆವತ್ತೇ. ಮಾಂಸ ಇರುವುದು ಕೂತವನನ್ನು ಎಬ್ಬಿಸಿ ನಿಲ್ಲಿಸುವುದಕ್ಕೆ, ದಿಬ್ಬ ಹತ್ತಿಸುವುದಕ್ಕೆ. ಆ ದಪ್ಪ ಮಾಂಸದ ಅಡಿಯಲ್ಲಿ, ಸೊಂಟದ ಮೂಳೆಯ ಸಂದಿನಿಂದ, ಹೆಬ್ಬೆರಳು ಗಾತ್ರದ ಒಂದು ನರ ಹೊರಟು ತೊಡೆಯ ಹಿಂದಿನಿಂದ ಇಳಿದು ಕಾಲ್ಬೆರಳಿನವರೆಗೂ ಹೋಗುತ್ತದೆ. ಮೈಯಲ್ಲಿ ಅಷ್ಟು ದಪ್ಪನೆಯ ನರ ಇನ್ನೊಂದಿಲ್ಲ. "ಅದನ್ನು ಕೆಣಕಿದೆಯೋ, ಕಾಲು ಹೋಯಿತು. ಪ್ರತಿ ಸಲವೂ ಬೆರಳಿಟ್ಟು ಸೊಂಟದ ಮೂಳೆಯ ಅಂಚನ್ನು ಹುಡುಕು. ಅಂಚು ಸಿಕ್ಕಿದ ಮೇಲೆ ಸೂಜಿ ಎತ್ತು" ಎಂದರು. ನೇರಳೆ ಗೆರೆ ಹತ್ತು ದಿನ ಅಳಿಸಲಿಲ್ಲ. ನಾನು ಕೆರೆಯಲ್ಲಿ ಈಜುವುದನ್ನೇ ಬಿಟ್ಟಿದ್ದೆ.

ಮೊದಮೊದಲು ಅವರು ಹೇಳಿದಂತೆಯೇ ಮಾಡಿದೆ. ಆದರೆ ನಮ್ಮ ಗಂಡಸರಿಗೆ ಸೊಂಟ ಮುಟ್ಟಿದರೆ ಕಚಗುಳಿ, ವಯಸ್ಸಾದವರಿಗೆ ಸಿಟ್ಟು. "ಏನ್ಲಾ ಅದು, ಎತ್ತಿನ್ ಯಾಪಾರ ಮಾಡ್ದಂಗೆ ತಡಕ್ತೀಯೆ?" ಎಂದು ಬೈಯುತ್ತಿದ್ದರು. ಜಗಲಿಯ ಮೇಲೆ ನಲವತ್ತು ಜನ ಕಾಯುತ್ತಿದ್ದಾಗ ಒಬ್ಬೊಬ್ಬರ ಮೂಳೆ ಹುಡುಕುತ್ತ ಕೂರಲು ನನಗೂ ತಾಳ್ಮೆ ಇರಲಿಲ್ಲ. ಆಗ ನಾನೊಂದು ಸುಲಭದ ದಾರಿ ಕಂಡುಕೊಂಡೆ. ಎಲ್ಲ ಗಂಡಸರ ಸೊಂಟಕ್ಕೂ ಉಡುದಾರವಿರುತ್ತದೆ. ಲಂಗೋಟಿ ಸಿಕ್ಕಿಸುವುದು ಆ ಕರಿ ದಾರಕ್ಕೇ. ಹುಟ್ಟಿದಾಗ ಕಟ್ಟಿದರೆ ಹೆಣವಾದ ಮೇಲೆಯೇ ಅದನ್ನು ಹರಿಯುವುದು, ನಡುವೆ ಸವೆದರೆ ಹೊಸದನ್ನು ಕಟ್ಟಿಕೊಂಡ ಮೇಲೆಯೇ ಹಳೆಯದನ್ನು ಬಿಚ್ಚುವುದು. ನೆಟ್ಟಗಿರುವ ಆಳಿನ ಮೈಮೇಲೆ ದಾರ ಸರಿಯಾಗಿ ಸೊಂಟದ ಮೂಳೆಯ ಅಂಚಿನ ಮೇಲೆ ಕೂತಿರುತ್ತದೆ. ಅಲ್ಲಿಂದ ಮೂರು ಬೆರಳು ಕೆಳಗೆ, ಪಕ್ಕಕ್ಕೆ ಸರಿದು ಚುಚ್ಚಿದರೆ ಡಾಕ್ಟರು ಹೇಳಿದ ಕೋಣೆಯೇ. ಮೈ ಮುಟ್ಟುವ ಗೋಜಿಲ್ಲ, ಒಂದು ಗಳಿಗೆಯಲ್ಲಿ ಮುಗಿಯಿತು. ಇವನು ಸೂಜಿ ಹಾಕಿದ್ದು ಗೊತ್ತೇ ಆಗುವುದಿಲ್ಲ ಎಂಬ ಮಾತು ಕಿರುಗಾವಲಿನವರೆಗೂ ಹೋಯಿತು. ನಾನು ಉಬ್ಬಿಹೋದೆ.

ಕಿರುಗಾವಲಿನ ಆಚೆಗಿನ ಒಂದು ಹಳ್ಳಿಗೆ ನನ್ನ ಅಕ್ಕನನ್ನು ಕೊಟ್ಟಿತ್ತು. ಅವ್ವ ಸತ್ತಾಗ ನನಗೆ ನಾಲ್ಕು ವರ್ಷ. ನನ್ನನ್ನು ಕಂಕುಳಲ್ಲಿ ಹೊತ್ತು ಸಾಕಿದವಳು ಇವಳು. ಅಪ್ಪನೂ ಹೋದ ಮೇಲೆ ಅವಳಿಗೆ ತವರು ಎಂದರೆ ನಾನೊಬ್ಬನೇ. ಯುದ್ಧ ಮುಗಿಯುವ ಹಿಂದಿನ ವರ್ಷ, ಕಾರ್ತೀಕದಲ್ಲಿ, ಅವಳು ಭಾವನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಬಂದಳು. ಭಾವನಿಗೆ ಆ ವರ್ಷ ಅದು ಮೂರನೇ ಸಲದ ಜ್ವರ. ನೊಗವನ್ನು ಒಂದೇ ಕೈಯಲ್ಲಿ ಎತ್ತುತ್ತಿದ್ದ ಆಳು ಮೂಳೆ ಚಕ್ಕಳವಾಗಿದ್ದ. ನಮ್ಮವರು ಬಂದಿದ್ದಾರೆ ಎಂಬ ಸಡಗರದಲ್ಲಿ, ನನ್ನ ಕೈಚಳಕ ತೋರಿಸುವ ಉಮೇದಿನಲ್ಲಿ, ಅಕ್ಕನನ್ನು ಜಗಲಿಯ ಮೇಲೆ ಕೂರಿಸಿ ಭಾವನನ್ನು ಒಳಗೆ ಬೆಂಚಿನ ಮೇಲೆ ಮಲಗಿಸಿದೆ. ದಾರ ಕಂಡಿತು. ಮೂರು ಬೆರಳು ಅಳೆದೆ. ಚುಚ್ಚಿದೆ.

"ಅಯ್ಯೋ! ಮಿಂಚ್ ಒಡ್ದಂಗಾಯ್ತು ಕಣ್ಲಾ, ಕಾಲ್ಬೆಳ್ಳಿನ್ ತುದೀಗಂಟ!" ಎಂದು ಭಾವ ಬೆಂಚಿನ ಮೇಲೆಯೇ ಎಗರಿಬಿದ್ದ.

ಆಮೇಲೆ ಕಣ್ಣಿಗೆ ಬಿತ್ತು. ಮೈ ಬತ್ತಿ ಸಡಿಲವಾಗಿದ್ದ ದಾರ ಮೂಳೆಯ ಅಂಚಿನಿಂದ ನಾಲ್ಕು ಬೆರಳು ಜಾರಿ, ಕುಂಡಿಯ ಮೇಲೆ ಬಂದು ಕೂತಿತ್ತು. ಅಲ್ಲಿಂದ ಮತ್ತೆ ಮೂರು ಬೆರಳು ಕೆಳಗೆ ನನ್ನ ಸೂಜಿ ಇಳಿದಿತ್ತು. ಭಾವನನ್ನು ಎಬ್ಬಿಸಿ ನಿಲ್ಲಿಸಿದೆ. ಅವನು ಬಲಗಾಲು ಎತ್ತಿ ಇಟ್ಟ. ಪಾದ ಮೇಲೇಳಲಿಲ್ಲ, ಜೋತುಬಿದ್ದು ಟಪ್ ಎಂದು ನೆಲಕ್ಕೆ ಬಡಿಯಿತು.

ಡಾಕ್ಟರು ಬಂದು ನೋಡಿದರು. "ನರಕ್ಕೆ ಪೆಟ್ಟಾಗಿದೆ, ಕಾಯಬೇಕು" ಎಂದಷ್ಟೇ ಅಕ್ಕನಿಗೆ ಹೇಳಿ ಅವರನ್ನು ಕಳಿಸಿದರು. ಅಕ್ಕ ಅದನ್ನು ಜ್ವರದ ಪೆಟ್ಟು ಎಂದುಕೊಂಡಳು. ಗಾಡಿ ಹೊರಟ ಮೇಲೆ ಡಾಕ್ಟರು ಬಾಗಿಲು ಹಾಕಿ ನನ್ನ ಕಡೆ ತಿರುಗಿದರು. ನಾನು ಇದ್ದದ್ದು ಇದ್ದಂತೆ ಹೇಳಿದೆ.

"ಮೂಳೆ ಹುಡುಕು ಅಂತ ತಾನೆ ನಾನು ಹೇಳಿದ್ದು? ದಾರ ಹುಡುಕು ಅಂದಿದ್ನೇನಯ್ಯಾ?" ಎಂದರು. ಆರು ತಿಂಗಳು ಸೂಜಿ ಮುಟ್ಟಕೂಡದು ಎಂದರು. ಮನೆಯವರಿಗೆ ನಿಜ ಹೇಳುವ ಕೆಲಸ ನನ್ನದೇ ಎಂದರು. ಆಮೇಲೆ ಸ್ವಲ್ಪ ಮೆತ್ತಗಾಗಿ, ನರ ಪೂರ್ತಿ ಸತ್ತಿರದಿದ್ದರೆ ಮತ್ತೆ ಬೆಳೆಯುತ್ತದೆ, ಹೆಚ್ಚುಕಡಿಮೆ ತಿಂಗಳಿಗೊಂದು ಅಂಗುಲ, ಎಂದು ವಿವರಿಸಿದರು. ಬೆಳೆಯುತ್ತಿರುವ ತುದಿಯ ಮೇಲೆ ಬೆರಳಲ್ಲಿ ತಟ್ಟಿದರೆ ಪಾದದ ಕಡೆಗೆ ಜುಮ್ಮೆನ್ನುತ್ತದಂತೆ. ಪಾದ ಎತ್ತುವ ಮಾಂಸಖಂಡ ಇರುವುದು ಮೊಣಕಾಲಿನ ಕೆಳಗೆ. ಜುಮ್ಮೆನ್ನುವುದು ಅಲ್ಲಿಯವರೆಗೆ ಇಳಿದರೆ ಕಾಲು ಉಳಿಯಿತು, ನಡುವೆ ನಿಂತರೆ ಇಲ್ಲ.

ನಾನು ಮನೆಗೆ ಬಂದು ದಾರದಲ್ಲಿ ನನ್ನ ಕಾಲನ್ನೇ ಅಳೆದುಕೊಂಡೆ. ಕುಂಡಿಯಿಂದ ಮೊಣಕಾಲಿನ ಹೊರಮಗ್ಗುಲ ಗಂಟಿನವರೆಗೆ ಹತ್ತೊಂಬತ್ತು ಅಂಗುಲ. ಅಂದರೆ ಹತ್ತೊಂಬತ್ತು ತಿಂಗಳು! ಕೆಸರುಗದ್ದೆಯಲ್ಲಿ ಉಳುವವನಿಗೆ ಪಾದ ಜೋತುಬಿದ್ದರೆ ಕೆಸರೊಳಗೇ ಮಡಿಚಿಕೊಳ್ಳುತ್ತದೆ. ಭಾವ ಇನ್ನು ಗದ್ದೆಗಿಳಿಯುವಂತಿಲ್ಲ. ನಿಜ ಗೊತ್ತಾದ ದಿನ ಅಕ್ಕ ನನ್ನನ್ನು ಹೊಸಿಲು ದಾಟಲು ಬಿಡುವುದಿಲ್ಲ. ಈ ಎರಡು ಹೆದರಿಕೆಯಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ ನಾಚಿಕೆಯಾಗುತ್ತದೆ. ನನಗೆ ದೊಡ್ಡದಾಗಿದ್ದದ್ದು ಎರಡನೆಯದು. ನಾನು ಹೇಳಲಿಲ್ಲ.

ಹೇಳುವ ಬದಲು ಪ್ರತಿ ಭಾನುವಾರ ಹೋಗತೊಡಗಿದೆ. ಪೆಟ್ರೋಲಿಲ್ಲದ ಆ ದಿನಗಳ ಇದ್ದಿಲು ಗ್ಯಾಸಿನ ಬಸ್ಸು ದಿಬ್ಬ ಬಂದ ಕಡೆಯೆಲ್ಲ ಕೆಮ್ಮಿ ನಿಲ್ಲುತ್ತಿತ್ತು. ನಾವು ಇಳಿದು ತಳ್ಳುತ್ತಿದ್ದೆವು. ಮುಂದಿದ್ದವರ ಪಾದಗಳನ್ನೇ ನೋಡುತ್ತ ತಳ್ಳುತ್ತಿದ್ದೆ. ಎಲ್ಲರ ಪಾದವೂ ಎಷ್ಟು ಸಲೀಸಾಗಿ ಮೇಲೇಳುತ್ತಿತ್ತು! ಭಾವನಿಗೆ ಜ್ವರ ಬಿಟ್ಟಿತ್ತು, ಕಾಲು ಮಾತ್ರ ಹಾಗೇ ಇತ್ತು. ಅವನು ಬಲಗಾಲಿನ ಮುಂಭಾಗಕ್ಕೆ ಬಟ್ಟೆ ಸುತ್ತಿ, ಅದಕ್ಕೊಂದು ಹುರಿ ಕಟ್ಟಿ, ತುದಿಯನ್ನು ಕೈಯಲ್ಲಿ ಹಿಡಿದು ಹೆಜ್ಜೆಗೊಮ್ಮೆ ಪಾದವನ್ನು ಮೇಲಕ್ಕೆಳೆದುಕೊಳ್ಳುತ್ತ ನಡೆಯುತ್ತಿದ್ದ. ಗದ್ದೆ ಕೆಲಸಕ್ಕೆ ಆಳು ಗೊತ್ತುಮಾಡಿ, ಮಿಕ್ಕಿದ್ದನ್ನೆಲ್ಲ ಅಕ್ಕ ಮಾಡುತ್ತಿದ್ದಳು. ದಿನವೂ ಅವನ ಸೊಂಟದಿಂದ ಹಿಮ್ಮಡಿಯವರೆಗೆ ಬೆಚ್ಚಗಿನ ಹರಳೆಣ್ಣೆ ತಿಕ್ಕುತ್ತಿದ್ದಳು. ಸೂಜಿ ಹೊಕ್ಕ ಜಾಗದಲ್ಲಿ ಅಡಿಕೆ ಗಾತ್ರದ ಗಂಟೊಂದು ಬಹಳ ದಿನ ಉಳಿದಿತ್ತು.

ನಾನು ಬೆರಳಲ್ಲಿ ತಟ್ಟುತ್ತ ಕೇಳುತ್ತಿದ್ದೆ: "ಇಲ್ಲಿ ಜುಮ್ಮಂತದಾ, ಭಾವ?"

"ಇಲ್ಲ ಕಣ್ಲಾ. ಇನ್ನೂ ಮ್ಯಾಕೆ."

ನನ್ನನ್ನು ಕೊಲ್ಲುತ್ತಿದ್ದದ್ದು ಅಕ್ಕನ ಅಕ್ಕರೆ. "ಪಾಪ, ಒಂದ್ ವಾರಾನೂ ತಪ್ಪಿಸ್ದಂಗೆ ಬತ್ತನೆ ನನ್ ತಮ್ಮ. ಒಡುಟ್ಟಿದೋರ್ಗೆ ಇಂಗ್ ಮಾಡೋರು ಯಾರವ್ರೆ?" ಎಂದು ನೆರೆಯವರ ಮುಂದೆ ಹೇಳಿ ನನ್ನ ಮುದ್ದೆಯ ಮೇಲೆ ಬೆಣ್ಣೆ ಇಡುವಳು. ಅವಳು ಆ ಕಡೆ ತಿರುಗಿದಾಗ ನಾನು ಆ ಬೆಣ್ಣೆಯನ್ನು ಭಾವನ ತಟ್ಟೆಗೆ ದಾಟಿಸುತ್ತಿದ್ದೆ.

ಜುಮ್ಮೆನ್ನುವ ಜಾಗ ಇಳಿಯುತ್ತ ಬಂತು. ಯುಗಾದಿ ಹೊತ್ತಿಗೆ ತೊಡೆಯ ನಡುವೆ, ದೀಪಾವಳಿ ಹೊತ್ತಿಗೆ ಮೊಣಕಾಲಿನ ಮೇಲೆ ನಾಲ್ಕು ಬೆರಳು. ಅಲ್ಲಿಗೆ ಬಂದು ನಿಂತುಬಿಟ್ಟಿತು. ಒಂದು ತಿಂಗಳು ಕಳೆಯಿತು, ಎರಡು ಕಳೆಯಿತು, ತಟ್ಟಿದ ಕಡೆಯೇ ತಟ್ಟಿದೆ. ಭಾವನ ಮುಂಗಾಲು ಸಣಕಲಾಗಿ ಮೂಳೆಯ ಅಂಚು ಎದ್ದು ಕಾಣುತ್ತಿತ್ತು. ನನಗೆ ಊಟ ಸೇರದು. ಆಸ್ಪತ್ರೆಯಲ್ಲಿ ಬಂದವರ ಮೇಲೆಲ್ಲ ರೇಗುತ್ತಿದ್ದೆ. ಕಾಲು ಇನ್ನು ಬರುವುದಿಲ್ಲ ಎಂದು ಮನಸ್ಸಿಗೆ ಬಂದ ಭಾನುವಾರ, ಅಕ್ಕ ನೀರಿಗೆ ಹೋಗಿದ್ದಾಗ, ಕೊಟ್ಟಿಗೆಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ ಭಾವನ ಮುಂದೆ ಕುಕ್ಕರಿಸಿ ಎಲ್ಲವನ್ನೂ ಒದರಿಬಿಟ್ಟೆ. ದಾರ ಜಾರಿದ್ದು, ನಾನು ಮೂಳೆ ಹುಡುಕದೆ ಇದ್ದದ್ದು, ಹೇಳದೆ ವರ್ಷ ತಳ್ಳಿದ್ದು, ಎಲ್ಲ.

ಭಾವ ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ಚುಚ್ಚುಸ್ಕೊಂಡೋನು ನಾನು ಕಣ್ಲಾ. ಮಿಂಚ್ ಒಡ್ದಿದ್ದು ನನ್ ಕಾಲ್ಗೆ. ನಂಗೊತ್ತಾಗಕಿಲ್ವಾ?" ಎಂದ.

"ಮತ್ತೆ ಯಾಕ್ ಸುಮ್ನಿದ್ದೆ, ಭಾವ? ನಾಲ್ಕ್ ಬಾರಿಸ್ಬೋದಿತ್ತು."

"ಬಾರಿಸ್ಬೋದಿತ್ತು. ಆಮ್ಯಾಕೆ? ಇವಳ್ಗೆ ತವ್ರು ಅಂತ ಇರೋನು ನೀನೊಬ್ಬ. ನನ್ ಕಾಲೂ ಓಗಿ, ಅವಳ್ ತವ್ರೂ ಓಗ್ಬೇಕಾ?" ಹಗ್ಗದ ತುದಿಗೆ ಗಂಟು ಹಾಕಿ ನನ್ನ ಕಡೆ ನೋಡಿದ. "ಅವಳ್ಗೆ ಏಳ್ಬೇಡ. ಏಳಿದ್ರೆ ನೋಡು ಆಗ ಬಾರುಸ್ತೀನಿ."

ನಾನು ಕೊಟ್ಟಿಗೆಯಲ್ಲೇ ಅತ್ತೆ. ಅಕ್ಕ ಕೊಡ ಹೊತ್ತು ಬಂದವಳು, ಏನಾಯಿತು ಎಂದು ಕೇಳಿದಳು. "ಕಾಲ್ ನೋಡಿ ಅಳ್ತನೆ, ಎಂಗ್ರುಳು" ಎಂದ ಭಾವ.

ಕಾಲು ಬಂತು. ಯಾಕೆ ನಿಂತಿತ್ತೋ, ಯಾಕೆ ಮತ್ತೆ ಹೊರಟಿತೋ, ಡಾಕ್ಟರಿಗೂ ಗೊತ್ತಿರಲಿಲ್ಲ. ಮಾಘ ಕಳೆದ ಮೇಲೆ ಜುಮ್ಮೆನ್ನುವುದು ಮೊಣಕಾಲಿನ ಗಂಟು ದಾಟಿತು. ಮುಂಗಾರು ಹಿಡಿಯುವ ಹೊತ್ತಿಗೆ ಒಂದು ಭಾನುವಾರ ಭಾವ ಜಗಲಿಯ ಮೇಲೆ ಕಾಲು ಚಾಚಿ, "ನೋಡ್ಲಾ" ಎಂದ. ಪಾದದ ಹೊರ ಅಂಚು ಒಂದು ಬೆರಳಿನಷ್ಟು ಎದ್ದು ಬಿತ್ತು. ಮುಂದಿನ ನಾಟಿಯ ಹೊತ್ತಿಗೆ ಅವನು ಗದ್ದೆಗಿಳಿದ. ಹೆಬ್ಬೆರಳು ಮಾತ್ರ ಕೊನೆಗೂ ಪೂರ್ತಿ ಏಳಲಿಲ್ಲ, ಮೆಟ್ಟು ಜಾರಿ ಹೋಗುತ್ತಿತ್ತು.

ಸ್ವಾತಂತ್ರ್ಯ ಬಂದ ವರ್ಷದ ಮಳೆಗಾಲದಲ್ಲಿ ಅವನಿಗೆ ಮತ್ತೆ ಜ್ವರ ಹಿಡಿಯಿತು. ಅದೇ ಗಾಡಿ, ಅದೇ ಕಂಬಳಿ, ನೀರು ಕುಡಿದರೂ ವಾಂತಿ. ಡಾಕ್ಟರು ಕೆಲಸದ ಮೇಲೆ ಮಂಡ್ಯಕ್ಕೆ ಹೋಗಿದ್ದರು, ಬರುವುದು ಮಾರನೆಯ ದಿನ. ಅಷ್ಟು ಹೊತ್ತು ಕಾಯುವಂತಿರಲಿಲ್ಲ. ಸ್ಪಿರಿಟ್ಟಿನ ಒಲೆಯ ಮೇಲೆ ಸೂಜಿ ಕುದಿಯಲು ಇಟ್ಟೆ. ಇಕ್ಕಳದಲ್ಲಿ ಅದನ್ನು ಎತ್ತಿದವನು ಮತ್ತೆ ನೀರಿಗೇ ಹಾಕಿ ಇನ್ನೊಮ್ಮೆ ಕುದಿಸಿದೆ.

ಭಾವನನ್ನು ಬೆಂಚಿನ ಮೇಲೆ ಮಲಗಿಸಿದೆ. ಮೈ ಮತ್ತೆ ಇಳಿದಿತ್ತು. ದಾರ ಮತ್ತೆ ಜಾರಿ ಕುಂಡಿಯ ಮೇಲೆ ಕೂತಿತ್ತು. ಅಕ್ಕ ಈ ಸಲ ಜಗಲಿಯ ಮೇಲೆ ಕೂರಲಿಲ್ಲ. "ನಾನೂ ಒಳೀಕ್ ಬತ್ತೀನಿ" ಎಂದು ನನ್ನ ಹಿಂದೆಯೇ ಬಂದು ಬೆಂಚಿನ ಪಕ್ಕದಲ್ಲಿ ಕೂತಳು. ಎರಡು ಬೆರಳನ್ನು ಉಡುದಾರದ ಅಡಿಗೆ ತೂರಿಸಿ, ಅದನ್ನು ಪಕ್ಕೆಯವರೆಗೆ ಎತ್ತಿ ಹಿಡಿದಳು.

"ದಾರ ನಾನ್ ಇಡ್ಕೊಂಡಿರ್ತೀನಿ. ನೀನ್ ಮೂಳೆ ನೋಡ್ಕೊ ಮಗಾ" ಎಂದಳು.

ಭಾವ ಅಷ್ಟು ಜ್ವರದಲ್ಲೂ ತಲೆ ಎತ್ತಿ, "ಇವಳ್ಗೆ ಯಾವನ್ಲಾ ಏಳ್ದೋನು?" ಎಂದ.

"ವರ್ಸಾನ್ಗಟ್ಲೆ ಎಣ್ಣೆ ತಿಕ್ಕಿದ್ ಕೈ ಇದು. ಗಂಟು ಎಲ್ಲಿತ್ತು, ದಾರ ಎಲ್ಲಿತ್ತು, ಮೂಳೆ ಎಲ್ಲಿತ್ತು ಅಂತ ನಂಗ್ಯಾರ್ ಏಳ್ಬೇಕು?" ಎಂದಳು ಅಕ್ಕ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನ ಮುಖವನ್ನು ಮಾತ್ರ ನೋಡಲಿಲ್ಲ, ದಾರವನ್ನೇ ನೋಡುತ್ತಿದ್ದಳು.

ನಾನು ಬೆರಳಿಟ್ಟು ಹುಡುಕಿದೆ. ಕಣ್ಣು ಮಂಜಾಗಿತ್ತು, ಬೆರಳಿಗೆ ಕಣ್ಣು ಬೇಕಾಗಲಿಲ್ಲ. ತೆಳ್ಳಗಿನ ಚರ್ಮದ ಕೆಳಗೆ ಸೊಂಟದ ಮೂಳೆಯ ಅಂಚು ಗಟ್ಟಿಯಾಗಿ, ಸ್ಪಷ್ಟವಾಗಿ ಸಿಕ್ಕಿತು.

"ಸಿಕ್ತಾ?" ಎಂದಳು.

"ಸಿಕ್ತು ಅಕ್ಕ."

ಸೂಜಿ ಒಳಗೆ ಹೋಗಿ, ಔಷಧಿ ಇಳಿದು, ನಾನು ಸೂಜಿಯನ್ನು ಹೊರಗೆ ತೆಗೆದು ಹತ್ತಿ ಒತ್ತುವವರೆಗೂ ಅವಳು ಆ ದಾರವನ್ನು ಬಿಡಲಿಲ್ಲ.