ತಿರುವಿನಲ್ಲಿ ಕಿವಿಯಿಟ್ಟು

ಬೆಳಕು ಇನ್ನೂ ತಾಳೆಮರಗಳ ತಲೆ ಮುಟ್ಟಿಲ್ಲ. ಜಾಫ್ನಾದ ಚುನ್ನಾಕಂ ಸಂತೆಯ ಹಿಂದಿನ ಓಣಿಯಲ್ಲಿ, ತಗಡಿನ ಶೆಡ್ಡಿನ ಮುಂದೆ, ಯೋಗರಾಣಿ ಗೋಣಿಚೀಲ ಹಾಸಿಕೊಂಡು ಹಳೆಯ ಆಸ್ಟಿನ್ ಕಾರಿನ ಕೆಳಗೆ ಮಲಗಿದ್ದಾರೆ. ಅಂಗೈ ಸ್ಟಿಯರಿಂಗ್ ರಾಡಿನ ಮೇಲಿದೆ. ಕಿವಿಯಿಂದ ಗೇಣು ದೂರಕ್ಕೆ ಎಡಗಡೆಯ ಮುಂಚಕ್ರ.

"ತಿರುಗ್ಸಿ ಅಣ್ಣ. ಮೆಲ್ಲಗೆ."

ಒಳಗೆ ಕೂತಿರುವ ಕಾರಿನ ಮಾಲೀಕ ಸಬಾರತ್ನಂ ಒಂದೇ ಏಟಿಗೆ ಸ್ಟಿಯರಿಂಗ್ ಎಳೆಯುತ್ತಾರೆ.

"ಬಾವಿಯಿಂದ ನೀರು ಸೇದ್ತಿದ್ದೀರಾ? ಮೆಲ್ಲಗೆ ಅಂದೆ."

"ಮುಹೂರ್ತ ಮೆಲ್ಲಗೆ ಬರಲ್ಲ ತಂಗಿ!"

ಮದುಮಕ್ಕಳನ್ನು ಕರೆದೊಯ್ಯುವ ಕಾರು ಅದು. ಒಂದು ವಾರದಿಂದ ಎಡಕ್ಕೆ ತಿರುಗಿದಾಗಲೆಲ್ಲ ಮುಂದಿನಿಂದ 'ಕರ್‌ಕರ್' ಎನ್ನುತ್ತಿದೆ. ಸಬಾರತ್ನಂ ಬೇರಿಂಗ್ ಬದಲಿಸಿದರು, ಗ್ರೀಸ್ ತುಂಬಿಸಿದರು, ಸದ್ದು ಹೋಗಲಿಲ್ಲ. ಇವತ್ತೂ ಅಪಶಕುನದ ಹಾಗೆ ಅರಚಿದರೆ ವ್ಯಾನ್ ಕರೆಸುತ್ತೇವೆ ಎಂದು ಹೆಣ್ಣಿನ ಕಡೆಯವರು ಹೇಳಿ ಕಳಿಸಿದ್ದಾರೆ. ಒಂದು ಮನೆ ಕೈಬಿಟ್ಟರೆ ಊರೇ ಕೈಬಿಡುತ್ತದೆ ಎಂಬ ದಿಗಿಲು ಸಬಾರತ್ನಂಗೆ.

ಶೆಡ್ಡಿನ ಹಲಗೆಯಲ್ಲಿ ಈಗಲೂ ಕಂದವೇಳ್ ಎಂಬ ಹೆಸರಿದೆ. ಅವರು ಯೋಗರಾಣಿಯ ಗಂಡ. ಚಹಾ ತರುತ್ತಿದ್ದ ಹೆಂಡತಿ ಒಂದು ದಿನ, "ಸದ್ದು ಬಲಗಡೆದಲ್ಲ, ಎಡಗಡೆದು" ಎಂದಾಗ ಅವರು ಲೋಟ ಕೆಳಗಿಟ್ಟು ಆಕೆಯನ್ನೇ ನೋಡಿದರಂತೆ. ಅಂದಿನಿಂದ ಅವರು ತಿರುಗಿಸುವುದು, ಇವರು ಕೇಳುವುದು. ಹೆಸರು ಮಾತ್ರ ಅವರದಾಯಿತು. ನಾಲ್ಕು ವರ್ಷದ ಹಿಂದೆ ಎದೆನೋವು ಬಂದು ಅವರು ತೀರಿಕೊಂಡಾಗ ಶೆಡ್ಡಿಗೆ ಗಾಡಿಗಳು ಬರುವುದೂ ಹೆಚ್ಚುಕಮ್ಮಿ ನಿಂತಿತು.

"ಬಂದೋರು ಬಗ್ಗಿ ನೋಡೋರು, ಒಳಗೆ ಗಂಡಸರು ಯಾರಿದ್ದಾರೆ ಅಂತ. ಜಾಕ್ ಇದೆ, ಸಾಕಾ ಅಂತಿದ್ದೆ" ಎಂದು ಯೋಗರಾಣಿ ನಗುತ್ತಾರೆ. ಬರಬರುತ್ತಾ ಊರಿಗೆ ಅವರ ಕಿವಿಯ ಮೇಲೆ ನಂಬಿಕೆ ಬಂತು, ಈಗ ದಿನಕ್ಕೆ ಮೂರೋ ನಾಲ್ಕೋ ಕಾರು ಬರುತ್ತವೆ. ಆದರೆ ಇದು ಇಬ್ಬರ ಕೆಲಸ. ಒಬ್ಬರು ಮೇಲೆ, ಒಬ್ಬರು ಕೆಳಗೆ. ಮೇಲಿನ ಸೀಟಿನಲ್ಲಿ ದಿನಕ್ಕೊಬ್ಬರು ಕೂರುತ್ತಾರೆ. ಎಲ್ಲರಿಗೂ ಅವಸರ.

"ಅಣ್ಣ, ಮಲಗಿರೋ ಮಗೂನ ಮಗ್ಗುಲು ಹೊರಳಿಸೋ ಹಾಗೆ ತಿರುಗ್ಸಿ."

ಸಬಾರತ್ನಂ ಈ ಸಲ ಉಸಿರು ಬಿಗಿಹಿಡಿದು ತಿರುಗಿಸುತ್ತಾರೆ. ಚಕ್ರ ಪೂರ್ತಿ ಎಡಕ್ಕೆ ಹೊರಳುವ ಕೊನೆಯಲ್ಲಿ 'ಕರ್' ಎನ್ನುತ್ತದೆ. ಯೋಗರಾಣಿಯ ಕಣ್ಣು ಅರಳುತ್ತದೆ. ಸದ್ದು ಕೇಳಿತು, ಆದರೆ ಅಂಗೈ ಕೆಳಗಿನ ರಾಡು ನಡುಗಲಿಲ್ಲ.

"ಒಳಗೆ ಏನೂ ಸವೆದಿಲ್ಲ. ಟೈರಿಗೆ ಏನೋ ತಾಗ್ತಿದೆ. ಈಚೆಗೆ ಪೂಜೆ ಮಾಡಿಸಿದ್ರಾ?"

"ಟೈರ್ ಹೊಸದಲ್ವಾ? ಕಾಯಿ ಒಡೆದು, ನಿಂಬೆಹಣ್ಣಿನ ಮೇಲೆ ಹತ್ತಿಸ್ದೆ."

"ಕಾಯಿ ಚೂರು ಗುಡಿಸಿದ್ರಾ?"

ಸಬಾರತ್ನಂ ಕೆನ್ನೆ ತುರಿಸಿಕೊಳ್ಳುತ್ತಾರೆ. ಯೋಗರಾಣಿ ಮಡ್‌ಗಾರ್ಡಿನ ಒಳಮಡಿಕೆಗೆ ಕೈ ತೂರಿಸಿ, ಕೆಸರಿನ ಜೊತೆಗೊಂದು ತೆಂಗಿನ ಚಿಪ್ಪಿನ ಚೂರು ಕಿತ್ತು ತೆಗೆಯುತ್ತಾರೆ. ಟೈರು ಉಜ್ಜಿ ಉಜ್ಜಿ ಒಂದು ಅಂಚು ಫಳಫಳ ಹೊಳೆಯುತ್ತಿದೆ.

"ತಗೊಳ್ಳಿ, ನಿಮ್ಮ ಪ್ರಸಾದ. ವಾರದಿಂದ ಮೆರವಣಿಗೆ ಮಾಡಿಸ್ತಿದ್ದೀರ."

"ಯಾರಿಗೂ ಹೇಳಬೇಡ ತಂಗಿ!" ಎನ್ನುತ್ತಲೇ ಅವರು ಗಾಡಿ ಹೊರಡಿಸುತ್ತಾರೆ.

ಯೋಗರಾಣಿ ಓಣಿಯ ತುದಿವರೆಗೆ ಹಿಂದೆಯೇ ನಡೆಯುತ್ತಾರೆ. ಬೇಲಿಯ ಮೂಲೆಯಲ್ಲಿ ಆಸ್ಟಿನ್ ಎಡಕ್ಕೆ ಹೊರಳುತ್ತದೆ. ಸದ್ದಿಲ್ಲ. ಕಾರು ಮರೆಯಾದ ಮೇಲೂ ಅವರು ತಲೆ ಓರೆ ಮಾಡಿಕೊಂಡು ಅಲ್ಲೇ ನಿಂತಿದ್ದಾರೆ.

"ನಮ್ಮ ಮದುವೆಗೂ ಇದೇ ಕಾರು. ಈ ತಿರುವು ಬಂದಾಗ ಮದುಮಗ ನನ್ನ ಕಡೆ ವಾಲಿದ್ರು. ಏನೋ ಹೇಳ್ತಾರೆ ಅಂತ ನಾಚಿಕೊಂಡೆ. 'ಎಡಗಡೆ ಬೇರಿಂಗ್ ಹೋಗಿದೆ' ಅಂದ್ರು. ನನ್ನ ಜೊತೆ ಆಡಿದ ಮೊದಲ ಮಾತು ಅದು."

ಶೆಡ್ಡಿಗೆ ಮರಳಿ, ತಾಳೆಬೆಲ್ಲದ ಚೂರು ಕಚ್ಚಿಕೊಂಡು ಕಪ್ಪು ಚಹಾ ಕುಡಿಯುತ್ತಾರೆ. ಏನು ಆಸೆ ಉಳಿದಿದೆ ಎಂದು ಕೇಳಿದರೆ ಹಲಗೆಯ ಹೆಸರು ಬದಲಾಗಲಿ ಎನ್ನುವುದಿಲ್ಲ. ಬಹಳ ಹೊತ್ತು ಲೋಟ ತಿರುಗಿಸುತ್ತಾರೆ, ಮೆಲ್ಲಗೆ.

"ತಿರುಗಿಸಿ ಆದ್ಮೇಲೆ ಎಲ್ರೂ 'ಆಯ್ತಾ?' ಅಂತಾರೆ. ನಮ್ಮನೆಯವರೊಬ್ರೇ 'ಕೇಳಿಸ್ತಾ?' ಅಂತಿದ್ದದ್ದು. ಮೇಲಿನ ಸೀಟಿಂದ ಇನ್ನೊಂದು ಸಲ ಯಾರಾದ್ರೂ ಹಾಗೆ ಕೇಳಿದ್ರೆ ಸಾಕು."